ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ‘ಓಪನ್ ಬಾಕ್ಸ್’ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮೊದಲು ದಯವಿಟ್ಟು ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ‘ಡಬ್ಬ ಮಾತ್ರ ತೆರೆದಿದೆ, ಒಂದು ವಾರವೂ ಬಳಸಿಲ್ಲ’ ಎಂದು ಹೇಳಿ ಯಾರಾದರೂ ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡನ್ನು (ಕಂಪ್ಯೂಟರಿನ ಪರದೆಗೆ ಚಿತ್ರ ಮೂಡಿಸುವ ಭಾಗ) ಕೈಗಿಟ್ಟು, ಬಿಲ್ಲಿನ ಬದಲು ಎಸ್ಟಿಮೇಟ್ ಚೀಟಿ ಬರೆದುಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ನಾನು ಎದ್ದು ಬರಲಿಲ್ಲ. 45,300 ರೂಪಾಯಿ ಹೋಯಿತು. ಚೆನ್ನಾಗಿ ಕೆಲಸ ಮಾಡುತ್ತಿದ್ದ ಹಳೆಯ ಕಾರ್ಡೂ ಹೋಯಿತು.

ನಾನು ದುಡಿಯುವುದು ಅಕೌಂಟ್ಸ್ ವಿಭಾಗದಲ್ಲಿ. ಜಿಎಸ್‌ಟಿ ಸಂಖ್ಯೆ ಇಲ್ಲದ ಬಿಲ್ಲನ್ನು ವಾಪಸು ಕಳಿಸುವುದೇ ನನ್ನ ದಿನನಿತ್ಯದ ಕೆಲಸ. ಅಂಥ ನಾನು ನೀಲಿ ಶಾಯಿಯಲ್ಲಿ ಗೀಚಿದ ಒಂದು ಚೀಟಿಯನ್ನು ಮಡಿಚಿ ಜೇಬಿಗಿಟ್ಟುಕೊಂಡು ಬಂದೆ. ಹೇಳಿಕೊಳ್ಳಲು ನಾಚಿಕೆಯಾಗಿ ಮೂರು ವಾರ ಬಾಯಿ ಬಿಡಲಿಲ್ಲ. ಮೊನ್ನೆ ಸಹೋದ್ಯೋಗಿಯೊಬ್ಬರ ಮಗ ಇದೇ ಕಾರ್ಡನ್ನು ಹುಡುಕಿಕೊಂಡು ಇದೇ ರಸ್ತೆಗೆ ಹೊರಟಿದ್ದಾನೆಂದು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನನ್ನ ಕಂಪ್ಯೂಟರ್ 2017ರದ್ದು. ಐ5-7500 ಪ್ರೊಸೆಸರ್, 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1060 ಕಾರ್ಡ್, ಇವಕ್ಕೆಲ್ಲ ವಿದ್ಯುತ್ ಒದಗಿಸುವ 450 ವ್ಯಾಟ್‌ನ ಎಸ್‌ಎಂಪಿಎಸ್. ಹಳೆಯ 1920×1080 ಪರದೆಗೆ ಅಷ್ಟು ಧಾರಾಳವಾಗಿ ಸಾಕಾಗುತ್ತಿತ್ತು. ದೀಪಾವಳಿಯ ರಿಯಾಯಿತಿಯಲ್ಲಿ 34 ಇಂಚಿನ ಅಲ್ಟ್ರಾವೈಡ್ ಮಾನಿಟರ್ ಕೊಂಡೆ. ಜನವರಿಯಲ್ಲಿ ಅಮೆರಿಕದಿಂದ ಬಂದ ಅಕ್ಕ ಕಣ್ಣಿಗೆ ಕಟ್ಟಿಕೊಂಡು ಸುತ್ತಲೂ ಚಿತ್ರ ನೋಡುವ ಕ್ವೆಸ್ಟ್ 3 ವಿಆರ್ ಹೆಡ್‌ಸೆಟ್ ತಂದುಕೊಟ್ಟಳು. ತೊಂದರೆ ಶುರುವಾದದ್ದೇ ಆಗ. ಹಳೆಯ ಪರದೆಯಲ್ಲಿ ಕಾರ್ಡ್ ತುಂಬಬೇಕಾದ ಚುಕ್ಕೆಗಳು ಸುಮಾರು 20 ಲಕ್ಷ. 3440×1440ರ ಅಲ್ಟ್ರಾವೈಡ್‌ನಲ್ಲಿ ಅದು 49 ಲಕ್ಷ. ಹೆಡ್‌ಸೆಟ್‌ನಲ್ಲಿ ಒಂದೊಂದು ಕಣ್ಣಿಗೆ 2064×2208, ಎರಡೂ ಸೇರಿ 91 ಲಕ್ಷ. ಅದೂ ಸೆಕೆಂಡಿಗೆ 90 ಸಲ, ಅಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ 11 ಮಿಲಿಸೆಕೆಂಡು. 2016ರಲ್ಲಿ ಬಂದ 1060ಕ್ಕೆ ಅದು ಆಗದ ಮಾತು.

ಹೆಡ್‌ಸೆಟ್ ಬೇಕಾಗಿದ್ದದ್ದು ನನಗಲ್ಲ, ಅಪ್ಪನಿಗೆ. ಅಪ್ಪ ಎಚ್‌ಎಎಲ್‌ನಲ್ಲಿ 31 ವರ್ಷ ದುಡಿದವರು. ಎಷ್ಟೋ ವಿಮಾನಗಳ ಮೈಗೆ ರಿವೆಟ್ ಹೊಡೆದಿದ್ದಾರೆ, ಹಾರುವ ವಿಮಾನದ ಪೈಲಟ್ ಸೀಟಿನಲ್ಲಿ ಮಾತ್ರ ಒಂದು ದಿನವೂ ಕುಳಿತವರಲ್ಲ. ಈಗ ಮಂಡಿ ನೋವು, ಮನೆ ಬಿಟ್ಟು ಹೆಚ್ಚು ಓಡಾಡುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ, ಹೆಡ್‌ಸೆಟ್ ಹಾಕಿ, ಬೆಂಗಳೂರಿನ ಮೇಲೆ ಒಂದು ಸುತ್ತು ಹಾರಿಸಬೇಕೆಂದು ನನ್ನ ಆಸೆ. ಈ ವಿಷಯವನ್ನು ಕಾರ್ಡ್ ಮಾರಿದ ಅಂಗಡಿಯವನಿಗೂ ಹೇಳಿದ್ದೆ. ಅದನ್ನೇ ಇವತ್ತಿಗೂ ಮರೆಯಲು ಆಗುತ್ತಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು, “ತಂದೆಯವರಿಗಾ ಸಾರ್? ಹಾಗಾದರೆ ನಿಮಗೆ ಬೆಸ್ಟ್ ಪೀಸ್ ಕೊಡುತ್ತೇನೆ” ಎಂದ.

ಬನಶಂಕರಿಯಿಂದ ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಆಟೊದಲ್ಲಿ ಹೋಗಿದ್ದೆ. ಎಸ್‌ಪಿ ರಸ್ತೆ ನನಗೆ ಹೊಸದಲ್ಲ. ಕಾಲೇಜಿನ ದಿನಗಳಿಂದ ಅಲ್ಲಿ ರ‍್ಯಾಮ್, ಹಾರ್ಡ್‌ಡಿಸ್ಕ್ ಕೊಂಡಿದ್ದೇನೆ, ಒಮ್ಮೆಯೂ ಮೋಸ ಹೋಗಿರಲಿಲ್ಲ. ನಾನು ಯಾವಾಗಲೂ ಹೋಗುತ್ತಿದ್ದ ಅಂಗಡಿಯ ಹಿರಿಯರು ಆ ದಿನವೂ ಸರಿಯಾಗಿಯೇ ಹೇಳಿದರು: “ನಾಲ್ಕೇ ಕೋರ್ ಇರುವ ನಿಮ್ಮ ಪ್ರೊಸೆಸರ್ ವಿಮಾನದ ಆಟಕ್ಕೆ ಸಾಲದು. ಮೊದಲು ಬೋರ್ಡು, ಪ್ರೊಸೆಸರ್ ಬದಲಿಸಿ, ಕಾರ್ಡು ಆಮೇಲೆ.” ಖರ್ಚು ಜಾಸ್ತಿಯಾಯಿತೆಂದು ನಾನು ಪಕ್ಕದ ಓಣಿಯ ಅಂಗಡಿಗೆ ಹೋದೆ. ಅಲ್ಲಿ ನನ್ನ ಕಿವಿಗೆ ಹಿತವಾದ ಮಾತು ಸಿಕ್ಕಿತು: “ಏನೂ ಬದಲಿಸುವುದು ಬೇಡ ಸಾರ್. ಈ ಕಾರ್ಡ್ ಹಾಕಿದರೆ ಎಲ್ಲವೂ ಓಡುತ್ತದೆ.”

ಕಾರ್ಡಿನ ಬೆಲೆ 42,500. ನನ್ನ 1060 ಅನ್ನು ಎಕ್ಸ್‌ಚೇಂಜ್‌ಗೆ ಕೊಟ್ಟರೆ 4,000 ಕಡಿಮೆ. ‘ಪಕ್ಕಾ ಬಿಲ್ ಬೇಕಾದರೆ ಮೇಲೆ 18 ಪರ್ಸೆಂಟ್ ಆಗುತ್ತದೆ ಸಾರ್, ನಿಮಗ್ಯಾಕೆ ಸುಮ್ಮನೆ? ನಮ್ಮ ಅಂಗಡಿಯದೇ ಮೂರು ತಿಂಗಳ ವಾರಂಟಿ ಇರುತ್ತದೆ’ ಎಂದ. ಒಪ್ಪಿದೆ. ಮೂರು ಫ್ಯಾನಿನ ಆ ಉದ್ದದ ಕಾರ್ಡ್ ನನ್ನ ಕ್ಯಾಬಿನೆಟ್ಟಿನಲ್ಲಿ ಕೂರಲಿಲ್ಲ. ಕೆಲಸದ ಹುಡುಗ ನನ್ನನ್ನು ಒಂದು ಮಾತೂ ಕೇಳದೆ ಹಾರ್ಡ್‌ಡಿಸ್ಕ್ ಕೂರಿಸುವ ತಗಡಿನ ಗೂಡನ್ನು ಇಕ್ಕಳದಿಂದ ಹಿಡಿದು ಮುರಿದು ತೆಗೆದ. 450 ವ್ಯಾಟ್‌ನ ಎಸ್‌ಎಂಪಿಎಸ್‌ನಲ್ಲಿ ಆ ಕಾರ್ಡಿಗೆ ಬೇಕಾದ ಪಿನ್ನುಗಳೇ ಇರಲಿಲ್ಲ, ಅದಕ್ಕೆ ಕನ್ವರ್ಟರ್ ವೈರ್ ಸಿಕ್ಕಿಸಿದ. 3080ಕ್ಕೆ ಎನ್‌ವಿಡಿಯಾ ಕಂಪನಿ ಸೂಚಿಸಿರುವುದೇ 750 ವ್ಯಾಟ್. ನನಗದು ಆಮೇಲೆ ತಿಳಿಯಿತು. ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಹಾಕಿದ.

ಆ ರಾತ್ರಿ ಆಟ ತೆರೆದ ಎರಡೇ ನಿಮಿಷಕ್ಕೆ ಕಂಪ್ಯೂಟರ್ ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಫೋನ್ ಮಾಡಿದರೆ, “ನಿಮ್ಮ ಎಸ್‌ಎಂಪಿಎಸ್ ವೀಕ್ ಸಾರ್, ಅದನ್ನು ಬದಲಿಸಲೇಬೇಕು” ಎಂದ. ‘ಏನೂ ಬದಲಿಸುವುದು ಬೇಡ’ ಎಂದಿದ್ದ ಮನುಷ್ಯನೇ! ಮತ್ತೆ ಆಟೊ, ಮತ್ತೆ ತೊಡೆಯ ಮೇಲೆ ಕ್ಯಾಬಿನೆಟ್. 6,800 ಕೊಟ್ಟು ಅವನಲ್ಲಿಯೇ 750 ವ್ಯಾಟ್‌ನದನ್ನು ಹಾಕಿಸಿದೆ. ಅವನಲ್ಲಿಯೇ ಎಂಬುದನ್ನು ನೆನಪಿಟ್ಟುಕೊಳ್ಳಿ.

ಭಾನುವಾರ ಬೆಳಿಗ್ಗೆ ಅಪ್ಪನನ್ನು ಕೂರಿಸಿದೆ. ಕನ್ನಡಕದ ಮೇಲೆ ಹೆಡ್‌ಸೆಟ್ ಸರಿಪಡಿಸಿ, ಪಟ್ಟಿ ಬಿಗಿದೆ. ವಿಮಾನ ರನ್‌ವೇಯಲ್ಲಿತ್ತು. ಅಪ್ಪ ತಲೆ ತಿರುಗಿಸಿ ಎಡ ರೆಕ್ಕೆಯನ್ನು ನೋಡಿದರು, ಆಮೇಲೆ ಬಲ ರೆಕ್ಕೆ. ಕೈ ಚಾಚಿ ಇಲ್ಲದ ಮೀಟರನ್ನು ಮುಟ್ಟಲು ಹೋದರು. ಆಗ ಚಿತ್ರ ಜರ್ಕ್ ಹೊಡೆಯಲಾರಂಭಿಸಿತು. ತಲೆ ತಿರುಗಿಸಿದರೆ ನೋಟ ಹಿಂದೆ ಹಿಂದೆ ಎಳೆದುಕೊಂಡು ಬರುತ್ತಿತ್ತು. ಒಂದು ನಿಮಿಷ ಕಳೆಯುವುದರೊಳಗೆ ಎಲ್ಲವೂ ಕಪ್ಪಾಯಿತು. ಅಪ್ಪ ಗಾಬರಿಯಿಂದ ಎದ್ದುನಿಂತು ತೂರಾಡಿದರು. ನಾನು ಹಿಡಿದುಕೊಳ್ಳದಿದ್ದರೆ ಬೀಳುತ್ತಿದ್ದರು. “ಏನಾಯಿತೋ, ಕರೆಂಟ್ ಹೋಯಿತೇ?” ಎಂದು ಕೇಳಿದರು. ತಲೆಯ ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು. ಆ ದಿನವೆಲ್ಲ ತಲೆಸುತ್ತು ಎಂದು ಮಲಗಿದ್ದರು.

ಆ ರಾತ್ರಿ ಕ್ಯಾಬಿನೆಟ್ ಬಿಚ್ಚಿ ಕಾರ್ಡನ್ನು ಹೊರತೆಗೆದು ಟಾರ್ಚ್ ಹಾಕಿ ನೋಡಿದೆ. ಕೊಳ್ಳುವ ದಿನವೇ ಹೀಗೆ ನೋಡಬಹುದಿತ್ತು, ನೋಡಲಿಲ್ಲ. ಅಂಚಿನಲ್ಲಿ ಬೆರಳಿಗೆ ಎಣ್ಣೆ ಅಂಟಿತು. ಚಿಪ್ಪುಗಳ ಬಿಸಿಯನ್ನು ಹೊರಗೆ ಸಾಗಿಸುವ ಥರ್ಮಲ್ ಪ್ಯಾಡ್‌ಗಳು ಬೆಂದಾಗ ಬಿಡುವ ಜಿಡ್ಡು ಅದು. ನಾಲ್ಕು ತಿರುಪುಗಳ ತಲೆ ಸವೆದಿತ್ತು. ಹಿಂದಿನ ತಗಡಿನ ಮೇಲಿದ್ದ ಸೀರಿಯಲ್ ನಂಬರ್ ಸ್ಟಿಕ್ಕರಿನ ಮೂಲೆಯಲ್ಲಿ ಇನ್ನೊಂದು ಸ್ಟಿಕ್ಕರಿನ ಅಂಟಿನ ಗುರುತು ಕಾಣುತ್ತಿತ್ತು. ಡಬ್ಬ ತಂದು ಪಕ್ಕದಲ್ಲಿಟ್ಟು ಅಂಕಿಗಳನ್ನು ಒಂದೊಂದಾಗಿ ಓದಿದೆ. ಹೊಂದಲಿಲ್ಲ. ತಪ್ಪಾಗಿ ಓದಿದೆನೇನೋ ಎಂದು ಮತ್ತೆ ಓದಿದೆ. ಹೊಂದಲೇ ಇಲ್ಲ. ಡಬ್ಬ ಒಂದು ಕಾರ್ಡಿನದು, ಒಳಗಿದ್ದ ಕಾರ್ಡ್ ಇನ್ನೊಂದು. ನೆಲದ ಮೇಲೆ ಕುಳಿತವನಿಗೆ ಸ್ವಲ್ಪ ಹೊತ್ತು ಏಳಲು ಆಗಲಿಲ್ಲ. ಚೀಟಿ ತೆಗೆದು ನೋಡಿದೆ. ಮೂರು ತಿಂಗಳು ಎಂದು ಎಲ್ಲಿಯೂ ಇರಲಿಲ್ಲ. ಮೂಲೆಯಲ್ಲಿ ಇದ್ದದ್ದು ‘ಚೆಕಿಂಗ್ ವಾರಂಟಿ’ ಎಂಬ ಎರಡು ಪದ ಮಾತ್ರ, ಅಂದರೆ ಓಡುತ್ತದೆಯೇ ಎಂದು ಪರೀಕ್ಷಿಸಿ ನೋಡುವಷ್ಟಕ್ಕೆ ಮಾತ್ರ.

ನಮ್ಮ ಬಡಾವಣೆಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ಹುಡುಗ ಅದನ್ನು ತನ್ನ ಮೇಜಿನ ಮೇಲೆ ಓಡಿಸಿ, ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಮೆಮೊರಿಯ ಬಿಸಿ ತೋರಿಸಿದ: 110 ಡಿಗ್ರಿ. ಆ ಮೆಮೊರಿ ಅಷ್ಟು ಬಿಸಿಯಾದರೆ ಕಾರ್ಡ್ ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಅಪ್ಪನಿಗೆ ಕಂಡ ಜರ್ಕ್ ಅದರದ್ದೇ ಎಂದ. “ಇದು ಮೈನಿಂಗ್ ಕಾರ್ಡ್ ಅಣ್ಣ” ಎಂದೂ ಹೇಳಿದ. ಎಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಗ್ರಾಫಿಕ್ಸ್ ಕಾರ್ಡಿನಲ್ಲಿ ಲೆಕ್ಕ ಮಾಡಿಸಿ ಗಳಿಸುವುದು, ಅಂದರೆ ಮೈನಿಂಗ್, 2022ರ ಸೆಪ್ಟೆಂಬರ್ 15ಕ್ಕೆ ನಿಂತುಹೋಯಿತು. ಅಲ್ಲಿಯವರೆಗೆ ಹಗಲೂ ರಾತ್ರಿ ಓಡಿದ ಕಾರ್ಡುಗಳು ಆಮೇಲೆ ಮಾರುಕಟ್ಟೆಗೆ ಬಂದವು. ಆ ಕೆಲಸದಲ್ಲಿ ಹೆಚ್ಚು ಬೇಯುವುದು ಮೆಮೊರಿಯೇ. ಹಳೆಯದೆಂದು ಹೇಳಿ ಹಳೆಯದರ ಬೆಲೆಗೆ ಮಾರಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ಇವನು ಒರೆಸಿ, ಸ್ಟಿಕ್ಕರ್ ಅಂಟಿಸಿ, ಬೇರೆ ಡಬ್ಬಕ್ಕೆ ಹಾಕಿ ಕೊಟ್ಟಿದ್ದಾನೆ.

ಆಮೇಲೆ ಅಂಗಡಿಯವನಿಂದ ಬಂದ ಉತ್ತರಗಳನ್ನು ಇದ್ದಂತೆಯೇ ಬರೆಯುತ್ತೇನೆ.

110 ಡಿಗ್ರಿಯ ಚಿತ್ರ ಕಳಿಸಿದ್ದಕ್ಕೆ: “ಬೇಸಿಗೆ ಅಲ್ಲವಾ ಸಾರ್, ಬೆಂಗಳೂರು ಮೊದಲಿನ ಹಾಗೆ ತಂಪಾಗಿಲ್ಲ. ಎಸಿ ಹಾಕಿಸಿ.”

ಸೀರಿಯಲ್ ನಂಬರ್ ಹೊಂದುತ್ತಿಲ್ಲ ಎಂದದ್ದಕ್ಕೆ: “ಗೋಡೌನ್‌ನಲ್ಲಿ ಹುಡುಗರು ಡಬ್ಬ ಅದಲುಬದಲು ಮಾಡಿರುತ್ತಾರೆ. ಕಾರ್ಡ್ ಓಡುತ್ತಿದೆ ತಾನೇ?”

ಹನ್ನೆರಡನೆಯ ದಿನ ಕಾರ್ಡ್ ಪೂರ್ತಿ ಸತ್ತಿತು. ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋದೆ. ತಿರುಗಿಸಿ ತಿರುಗಿಸಿ ನೋಡಿದ. “ಎಸ್‌ಎಂಪಿಎಸ್ ಸುಟ್ಟುಹಾಕಿದೆ ಸಾರ್” ಎಂದ. ಆ ಎಸ್‌ಎಂಪಿಎಸ್ ಮಾರಿದವನು ನೀನೇ ಅಲ್ಲವೇ ಎಂದು ಕೇಳಿದೆ. “ಅದು ಕಂಪನಿಯದ್ದು, ನಾವೇನು ಮಾಡೋಣ?” ಎಂದ. ನಾನು ದನಿ ಏರಿಸಿದ ಮೇಲೆ ತಿರುಪಿನ ಮೇಲೆ ತಾನೇ ಅಂಟಿಸಿದ್ದ ಚಿಕ್ಕ ಸೀಲನ್ನು ಉಗುರಿನಿಂದ ತೋರಿಸಿದ. ಬಿಸಿಗೆ ಅಂಟು ಕರಗಿ ಅದು ಒಂದು ಬದಿ ಎದ್ದಿತ್ತು. “ಸೀಲ್ ಕಿತ್ತಿದೆ. ಸೀಲ್ ಕಿತ್ತರೆ ವಾರಂಟಿ ಇಲ್ಲ.” ಅಷ್ಟರಲ್ಲಿ ಬೇರೆ ಗಿರಾಕಿ ಬಂದರು. ನನ್ನ ಎದುರೇ ಅವರಿಗೆ, “ಓಪನ್ ಬಾಕ್ಸ್ ಇದೆ ಸಾರ್, ಬೆಸ್ಟ್ ಪೀಸ್” ಎಂದ. ಅದೇ ಮಾತು, ಅದೇ ದನಿ. ಇದು ಹಾಳು ಕಾರ್ಡ್, ಕೊಳ್ಳಬೇಡಿ ಎಂದು ಆ ಗಿರಾಕಿಗೆ ಅಲ್ಲಿಯೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಅದಕ್ಕಾಗಿಯೂ ಇದನ್ನು ಬರೆಯುತ್ತಿದ್ದೇನೆ.

ನನ್ನ 1060 ಆದರೂ ವಾಪಸು ಕೊಡು ಎಂದೆ. “ಅದು ಅವತ್ತೇ ಹೋಯಿತು ಸಾರ್.”

ಕೊಳ್ಳಲು ಹೋಗುವವರಿಗೆ ಹೇಳುವುದಿಷ್ಟು. ಸೀರಿಯಲ್ ನಂಬರ್ ಬರೆದಿರುವ ಜಿಎಸ್‌ಟಿ ಬಿಲ್ ಇಲ್ಲದೆ ಕಾಸು ಬಿಚ್ಚಬೇಡಿ. ಡಬ್ಬದ ನಂಬರನ್ನೂ ಕಾರ್ಡಿನ ನಂಬರನ್ನೂ ಅಲ್ಲಿಯೇ ನಿಂತು ಹೋಲಿಸಿ. ಅರ್ಧ ಗಂಟೆ ಓಡಿಸಿ ತೋರಿಸಲು ಒಪ್ಪದವನ ಬಳಿ ನಿಲ್ಲಬೇಡಿ. ಯುಪಿಐ ಕಳಿಸುವಾಗ ಪರದೆಯಲ್ಲಿ ಯಾರ ಹೆಸರು ಬರುತ್ತದೆ ನೋಡಿ. ನನ್ನ ಹಣ ಹೋದದ್ದು ಅಂಗಡಿಯ ಹೆಸರಿಗಲ್ಲ, ಯಾವುದೋ ವ್ಯಕ್ತಿಯ ಖಾತೆಗೆ. ಹಾಗೆಯೇ ಹಳೆಯ ‘ವಿಂಡೋಸ್ ಮಿಕ್ಸ್ಡ್ ರಿಯಾಲಿಟಿ’ ಹೆಡ್‌ಸೆಟ್‌ಗಳನ್ನು ಅಗ್ಗಕ್ಕೆ ಕೊಡುತ್ತೇವೆ ಎಂದರೆ ಹುಷಾರು. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅವಕ್ಕೆ ಬೇಕಾದ ತಂತ್ರಾಂಶವನ್ನೇ ತೆಗೆದುಹಾಕಿದೆ. ಅದನ್ನೂ ಅದೇ ಅಂಗಡಿಯವನು ನನಗೆ ತೋರಿಸಿದ್ದ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ, ದೋಷವಿರುವ ವಸ್ತುವನ್ನು 30 ದಿನಗಳೊಳಗೆ ವಾಪಸು ಪಡೆಯಲು ನಿರಾಕರಿಸುವುದೂ ಹಾಗೆಯೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಗ್ರಾಹಕರ ಆಯೋಗದಲ್ಲಿ ಶುಲ್ಕವಿಲ್ಲ. ಮುಂದಿನ ವಾರ ಶಾಂತಿನಗರದಲ್ಲಿರುವ ಆಯೋಗಕ್ಕೆ ಹೋಗಿ ಅಲ್ಲಿಯೂ ದೂರು ಕೊಡುತ್ತೇನೆ. ಚೀಟಿ, ಯುಪಿಐ ರಸೀದಿ, ಎರಡು ಸೀರಿಯಲ್ ನಂಬರುಗಳ ಫೋಟೊ, ಅವನ ಸಂದೇಶಗಳು, ಎಲ್ಲವನ್ನೂ ಪ್ರಿಂಟ್ ತೆಗೆಸಿಟ್ಟಿದ್ದೇನೆ. ದೂರಿನ ವಿಷಯ ತಿಳಿಸಿದ ಮೇಲೆ ಅವನಿಂದ ಬಂದ ಕೊನೆಯ ಸಂದೇಶ: “ಮಾಡಿಕೊಳ್ಳಿ ಸಾರ್. ಚೀಟಿಯಲ್ಲಿ ನಮ್ಮ ಅಂಗಡಿಯ ಹೆಸರೇ ಇಲ್ಲವಲ್ಲ.”

ಓಡಿ ಹೋಗಿ ಚೀಟಿ ತೆಗೆದು ನೋಡಿದೆ. ನಿಜಕ್ಕೂ ಇಲ್ಲ. ಮೇಲೆ ‘ಎಸ್ಟಿಮೇಟ್’ ಎಂದು ಅಚ್ಚಾಗಿದೆ, ಕೆಳಗೆ ಮೊತ್ತವಿದೆ. ಆದರೆ ಆ ಸಂದೇಶ ಬಂದಿರುವುದು ಅವನದೇ ನಂಬರಿನಿಂದ. ‘ನಮ್ಮ ಅಂಗಡಿ’ ಎಂದು ಬರೆದಿರುವುದೂ ಅವನೇ. ಅದನ್ನೂ ಪ್ರಿಂಟ್ ತೆಗೆಸಿ ಆ ಕಡತಕ್ಕೆ ಸೇರಿಸಿದ್ದೇನೆ.