ಬುಢಾನೀಲಕಂಠವೋ, ಗಂಡಕಿಯೋ: ನೇಪಾಳದ ಎರಡು ವಸತಿ ಶಾಲೆಗಳು

ಮಗುವನ್ನು ನೇಪಾಳದ ವಸತಿ ಶಾಲೆಗೆ ಸೇರಿಸಬೇಕೆಂದಿರುವ ಪೋಷಕರು ಕಟ್ಟಡಗಳಿಗಿಂತ ಮೊದಲು ಶಾಲೆಯ ಹುಟ್ಟನ್ನು ನೋಡುವುದು ಒಳ್ಳೆಯದು. ಕಠ್ಮಂಡುವಿನ ಉತ್ತರಕ್ಕೆ, ಶಿವಪುರಿ ಬೆಟ್ಟದ ಬುಡದಲ್ಲಿರುವ ಬುಢಾನೀಲಕಂಠ ಶಾಲೆ 1972ರಲ್ಲಿ ನೇಪಾಳ ಸರ್ಕಾರ ಮತ್ತು ಬ್ರಿಟಿಷ್ ಸರ್ಕಾರದ ಸಹಯೋಗದಿಂದ ರೂಪುಗೊಂಡಿತು. ದೂರದ ಜಿಲ್ಲೆಗಳ ಬಡ ಮಕ್ಕಳನ್ನು ವಿದ್ಯಾರ್ಥಿವೇತನ ನೀಡಿ ಕರೆತಂದು, ಶುಲ್ಕ ಕಟ್ಟುವ ಮನೆಗಳ ಮಕ್ಕಳೊಂದಿಗೆ ಒಂದೇ ಕೋಣೆಯಲ್ಲಿ ಇರಿಸಿದ ಈ ಸಂಸ್ಥೆಗೆ ರಾಷ್ಟ್ರೀಯ ಶಾಲೆಯೆಂಬ ಹೆಸರು ಬಂದದ್ದು ಸಹಜವೇ. ಇಲ್ಲಿನ ವಸತಿ ಗೃಹಗಳಿಗೆ ಧವಳಗಿರಿ, ಅನ್ನಪೂರ್ಣ, ಕಾಂಚನಜುಂಗಾ ಮುಂತಾದ ಹಿಮಶಿಖರಗಳ ಹೆಸರಿದೆ. ಆರಂಭದಲ್ಲಿ ಹುಡುಗರಿಗೆ ಮಾತ್ರವಿದ್ದ ಶಾಲೆ ಮುಂದೆ ಹುಡುಗಿಯರಿಗೂ ತೆರೆಯಿತು. ಪಿಯುಸಿಗೆ ಸಮನಾದ, ಬ್ರಿಟನ್ನಿನ ಕೇಂಬ್ರಿಜ್‌ನ ಎ ಲೆವೆಲ್ ಪಠ್ಯಕ್ರಮವೂ ಇಲ್ಲಿದೆ.

ಪೋಖರಾದ ಲಾಮಾಚೌರ್‌ನಲ್ಲಿರುವ ಗಂಡಕಿ ವಸತಿ ಶಾಲೆ ಇನ್ನೂ ಹಳೆಯದು. 1966ರಲ್ಲಿ, ಯುನೈಟೆಡ್ ಮಿಷನ್ ಟು ನೇಪಾಳ್ ಎಂಬ ಸೇವಾ ಸಂಸ್ಥೆಯ ಆಸರೆಯಲ್ಲಿ, ರಾಜಧಾನಿಯಿಂದ ದೂರದಲ್ಲಿ ಅದು ಆರಂಭವಾಯಿತು. ಮಚ್ಛಪುಚ್ಛ್ರೆ ಶಿಖರ ಎದುರಿಗೇ ನಿಲ್ಲುವ ಈ ಕಣಿವೆಯಲ್ಲಿ ನಗರದ ಗದ್ದಲ ಕಡಿಮೆ.

ವಿದೇಶದಲ್ಲಿ ಪದವಿ ಓದುವ ಗುರಿಯಿದ್ದು, ಕಟ್ಟುನಿಟ್ಟಾದ ಸ್ಪರ್ಧೆಯನ್ನು ತಾಳಬಲ್ಲ ಮಗುವಾದರೆ ನಾನು ಬುಢಾನೀಲಕಂಠವನ್ನೇ ಸೂಚಿಸುತ್ತೇನೆ. ಮನೆ ಪಶ್ಚಿಮ ನೇಪಾಳದಲ್ಲಿದ್ದರೆ, ರಜೆಗೆ ಬರಲು, ಅಪ್ಪ ಅಮ್ಮ ಹೋಗಿ ನೋಡಲು ಪೋಖರಾ ಹತ್ತಿರ. ಹತ್ತು ವರ್ಷದ ಮಗುವಿಗೆ ಈ ಸಾಮೀಪ್ಯ ಪಠ್ಯಕ್ರಮದಷ್ಟೇ ಮುಖ್ಯ. ಎರಡೂ ಕಡೆ ವಿದ್ಯಾರ್ಥಿವೇತನದ ಈಗಿನ ನಿಯಮಗಳನ್ನು ಶಾಲೆಯಲ್ಲೇ ವಿಚಾರಿಸಿ, ಪ್ರವೇಶ ಪರೀಕ್ಷೆಗೆ ಮುನ್ನ ಮಗುವನ್ನೂ ಕರೆದೊಯ್ದು ವಸತಿ ಗೃಹವನ್ನು ತೋರಿಸಿ.