ಮಗಳು ಒಬ್ಬಳೇ ಮಲಗಲು ಕಲಿತದ್ದು: ನಾವು ಮಾಡಿ ನೋಡಿದ ಮೂರು ದಾರಿ

ಎರಡೂವರೆ ವರ್ಷ ಆಗುವವರೆಗೂ ನನ್ನ ಮಗಳಿಗೆ ನನ್ನ ಹೆಬ್ಬೆರಳು ಹಿಡಿಯದೆ ನಿದ್ದೆ ಬರುತ್ತಿರಲಿಲ್ಲ. ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಆ ಮುಷ್ಟಿ ಸಡಿಲವಾದ ಮೇಲೆ ನಾನು ಮೆಲ್ಲಗೆ ಎದ್ದು ಬರಬೇಕು. ರಾತ್ರಿ ಮೂರು ನಾಲ್ಕು ಸಲ ಎದ್ದಾಗಲೂ ಇದೇ ಕತೆ.

ಇದಕ್ಕೊಂದು ಕಾರಣ ಇದೆ. ಈ ವಯಸ್ಸಿನಲ್ಲಿ ನಿದ್ದೆಯ ಒಂದು ಸುತ್ತು ಸುಮಾರು ಒಂದು ಗಂಟೆ. ಸುತ್ತು ಮುಗಿದಾಗ ಮಕ್ಕಳು ಒಂದು ಗಳಿಗೆ ಅರೆ ಎಚ್ಚರ ಆಗುತ್ತಾರೆ. ನಿದ್ದೆ ಹತ್ತುವಾಗ ಪಕ್ಕದಲ್ಲಿ ಏನಿತ್ತೋ ಅದೇ ಇದ್ದರೆ ಹಾಗೇ ಮಲಗುತ್ತಾರೆ, ಇಲ್ಲದಿದ್ದರೆ ಹುಡುಕುತ್ತಾರೆ. ನಮ್ಮ ಮಗಳು ಹುಡುಕುತ್ತಿದ್ದದ್ದು ಹೆಬ್ಬೆರಳನ್ನು.

ಮೊದಲು ಮಾಡಿ ನೋಡಿದ್ದು ಸಮಯ ನೋಡಿಕೊಂಡು ಹೋಗಿ ಬರುವ ಕ್ರಮ. ಮಲಗಿಸಿ ಹೊರಗೆ ಬರುವುದು, ಅತ್ತರೆ 3 ನಿಮಿಷಕ್ಕೆ ಒಮ್ಮೆ ಹೋಗಿ ಸಮಾಧಾನ ಮಾಡುವುದು, ಆಮೇಲೆ 5, ಆಮೇಲೆ 10. ಮೊದಲ ರಾತ್ರಿ 50 ನಿಮಿಷ ಅತ್ತಳು. ನಾಲ್ಕನೇ ರಾತ್ರಿ ಅಳು ಹತ್ತು ನಿಮಿಷಕ್ಕೆ ಇಳಿದಿತ್ತು. ಅಂದರೆ ಕೆಲಸ ಮಾಡುತ್ತದೆ, ಬೇಗ ಮಾಡುತ್ತದೆ. ಆದರೆ ನಾನು ಒಳಗೆ ಹೋದಷ್ಟು ಸಲವೂ ಅವಳ ಅಳು ಹೊಸದಾಗಿ ಶುರುವಾಗುತ್ತಿತ್ತು. ಮಂಚದಿಂದ ತಾನೇ ಇಳಿದು ಬಾಗಿಲಿಗೆ ಬರುತ್ತಿದ್ದಳು. ಸಂಜೆಯಿಂದಲೇ ಆ ಕೋಣೆ ಅಂದರೆ ಹಿಂಜರಿಯತೊಡಗಿದಾಗ ಬಿಟ್ಟೆವು. ಇನ್ನೂ ಸುತ್ತ ಕಟಕಟೆ ಇರುವ ತೊಟ್ಟಿಲಲ್ಲಿ ಮಲಗುವ, ಅಮ್ಮನ ಮುಖ ಕಂಡರೆ ಸಮಾಧಾನ ಆಗುವ ಮಗುವಿಗೆ ಇದು ಸರಿಹೋಗಬಹುದು. ಒಂದು ಮಾತ್ರ ನೆನಪಿರಲಿ: ಒಂದು ಗಂಟೆ ಅಳಿಸಿ ಆಮೇಲೆ ಎತ್ತಿಕೊಂಡು ಬಂದರೆ, ಅಷ್ಟು ಹೊತ್ತು ಅತ್ತರೆ ಸಾಕು ಅಂತಲೇ ಮಗು ಕಲಿಯುತ್ತದೆ.

ಎರಡನೆಯದು ಕುರ್ಚಿ. ನಮಗೆ ಹೊಂದಿದ್ದು ಇದೇ. ಮೊದಲ ಮೂರು ರಾತ್ರಿ ಮಂಚಕ್ಕೆ ತಾಗಿಸಿ ಕುರ್ಚಿ ಹಾಕಿ ಕೂತೆ. ಹೆಬ್ಬೆರಳಿನ ಬದಲು ಒಂದು ಬಟ್ಟೆಯ ಮೊಲದ ಕಿವಿ ಅವಳ ಕೈಗೆ ಕೊಟ್ಟೆ. ಆಮೇಲೆ ಮೂರು ದಿನಕ್ಕೊಮ್ಮೆ ಕುರ್ಚಿ ಸ್ವಲ್ಪ ಸ್ವಲ್ಪ ಹಿಂದೆ: ಕೈಗೆ ಎಟುಕುವಷ್ಟು ದೂರ, ಕೋಣೆಯ ನಡುವೆ, ಬಾಗಿಲ ಹತ್ತಿರ, ಬಾಗಿಲಾಚೆ. ಕೂತಾಗ ಮಾತಿಲ್ಲ, ಕತೆ ಇಲ್ಲ, ಫೋನ್ ಅಂತೂ ಇಲ್ಲವೇ ಇಲ್ಲ. ಅದರ ಬೆಳಕು ಕಣ್ಣಿಗೆ ಬಿದ್ದರೆ ಬರುವ ನಿದ್ದೆಯೂ ದೂರ ಹೋಗುತ್ತದೆ.

ಜಾಸ್ತಿ ಕಷ್ಟ ಆದದ್ದು ಕುರ್ಚಿ ಕೋಣೆಯ ನಡುವೆ ಬಂದಾಗ. ಕೈ ಚಾಚಿದರೂ ನಾನು ಸಿಗುವುದಿಲ್ಲ ಅಂತ ಅವಳಿಗೆ ಗೊತ್ತಾಯಿತು. ಒಂದು ಕಣ್ಣು ತೆರೆದು ನೋಡುವಳು, ಕುರ್ಚಿ ಅಲ್ಲೇ ಇದೆಯಾ ಅಂತ. ಮತ್ತೆ ಮುಚ್ಚುವಳು. ಐದು ನಿಮಿಷ ಬಿಟ್ಟು ಮತ್ತೆ ಆ ಒಂದು ಕಣ್ಣು. ನಡುವೆ ನೆಗಡಿ ಬಂತು. ನಾಲ್ಕು ದಿನ ಕುರ್ಚಿ ಮಂಚದ ಹತ್ತಿರಕ್ಕೇ ವಾಪಸ್. ಎಲ್ಲ ಹಾಳಾಯಿತು ಅಂದುಕೊಂಡೆ, ಹಾಗೇನೂ ಆಗಲಿಲ್ಲ. ಒಟ್ಟು ಮೂರು ವಾರ ಹಿಡಿಯಿತು, ಬೆನ್ನೂ ನೋಯಿತು. ಕೊನೆಯ ವಾರದಲ್ಲಿ ಒಂದು ರಾತ್ರಿ ಅವಳು ಕೆಮ್ಮಿದ್ದು ಕೇಳಿ ಬಾಗಿಲಲ್ಲಿ ನಿಂತು ನೋಡಿದೆ. ಕಣ್ಣು ಮುಚ್ಚಿಕೊಂಡೇ ಹಾಸಿಗೆ ತಡಕಿದಳು. ಮೊಲದ ಕಿವಿ ಸಿಕ್ಕಿತು. ಮಗ್ಗುಲು ಬದಲಿಸಿ ಮಲಗಿದಳು. ಆ ಹೊತ್ತಿನಲ್ಲಿ ನನಗಾದ ನೆಮ್ಮದಿ ಹೇಳತೀರದು.

ಯಾವ ದಾರಿ ಹಿಡಿದರೂ ಮಧ್ಯಾಹ್ನದ ನಿದ್ದೆ ಒಮ್ಮೆ ನೋಡಿಕೊಳ್ಳಿ. 1–2 ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, 3–5 ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಹಗಲಿನದೂ ಇದರಲ್ಲೇ ಸೇರಿದೆ. ನಾಲ್ಕೂವರೆವರೆಗೆ ಮಲಗಿ ಎದ್ದ ಮಗುವನ್ನು ಎಂಟಕ್ಕೆ ಮಲಗು ಅಂದರೆ ಹೇಗೆ ಮಲಗೀತು, ಅಲ್ವಾ? ನಾವು ಮೂರಕ್ಕೇ ಎಬ್ಬಿಸತೊಡಗಿದೆವು. ಇನ್ನೊಂದು, ಮಗು ತಾನೇ ಇಳಿದು ಓಡಾಡುವ ಕೋಣೆಯಲ್ಲಿ ಕಪಾಟನ್ನು ಗೋಡೆಗೆ ಬಿಗಿದಿರಬೇಕು. ಹೊರಗಿನಿಂದ ಚಿಲಕ ಹಾಕಲೇಬಾರದು.

ಮೂರನೆಯದು ಚೀಟಿ. ರಾತ್ರಿಗೆ ಎರಡು ಚೀಟಿ. ಮಲಗಿದ ಮೇಲೆ ನೀರು ಬೇಕಾದರೆ, ಇನ್ನೊಮ್ಮೆ ಅಪ್ಪಿಕೊಳ್ಳಬೇಕಾದರೆ, ಒಂದು ಚೀಟಿ ಕೊಡಬೇಕು. ಮುಗಿದರೆ ಮುಗಿಯಿತು. ಉಳಿಸಿದ ಚೀಟಿಗೆ ಬೆಳಿಗ್ಗೆ ಒಂದು ಸ್ಟಿಕ್ಕರ್. ಸುಸ್ಸು ಬಂದರೆ ಚೀಟಿ ಬೇಡ. ಎರಡೂವರೆ ವರ್ಷಕ್ಕೆ ಇದನ್ನು ಶುರು ಮಾಡಿದಾಗ ಅವಳಿಗೆ ಅರ್ಥವೇ ಆಗಲಿಲ್ಲ, ಎರಡೂ ಚೀಟಿ ಹರಿದಳು. ಮೂರು ತುಂಬಿದ ಮೇಲೆ ಮತ್ತೆ ತಂದೆವು. ಆ ಹೊತ್ತಿಗೆ ಒಬ್ಬಳೇ ಮಲಗುತ್ತಿದ್ದಳು, ಆದರೆ ಏನಾದರೊಂದು ನೆಪ ಹೇಳಿ ಎದ್ದು ಬರುತ್ತಿದ್ದಳು. ಅದಕ್ಕೆ ಇದು ತುಂಬಾ ಚೆನ್ನಾಗಿ ಒದಗಿತು. ಕುರ್ಚಿಯ ಕೆಲಸವನ್ನು ಮಾತ್ರ ಚೀಟಿ ಮಾಡಲಾರದು.

ಈಗ ರಾತ್ರಿಗೆ ಒಂದೇ ಚೀಟಿ. ಅದನ್ನು ಹೆಚ್ಚಾಗಿ ಇನ್ನೊಂದು ಅಪ್ಪುಗೆಗೇ ಕೊಡುತ್ತಾಳೆ.