ಸೇಬಿನ ಕೇಕು ಮೂರು, ವೆನಿಲ್ಲಾ ಸಾಸು ಮೂರು: ಯಾವುದಕ್ಕೆ ಯಾವುದು ಜೋಡಿ?

ಸೆಪ್ಟೆಂಬರ್ ಬಂತೆಂದರೆ ದಕ್ಷಿಣ ಸ್ವೀಡನ್ನಿನ ಸ್ಕೋನೆ ಪ್ರಾಂತ್ಯದಲ್ಲಿ ಸೇಬಿಗೆ ಕಿಮ್ಮತ್ತೇ ಇರುವುದಿಲ್ಲ. ಹಿತ್ತಲಲ್ಲಿ ಮರ ಇರುವವರು ಉದುರಿದ ಹಣ್ಣನ್ನು ಪೆಟ್ಟಿಗೆಗೆ ತುಂಬಿ, ‘ಬೇಕಾದಷ್ಟು ತಗೊಳ್ಳಿ’ ಎಂದು ಚೀಟಿ ಅಂಟಿಸಿ ಗೇಟಿನಾಚೆ ಇಟ್ಟುಬಿಡುತ್ತಾರೆ. ಲುಂಡ್ ಊರಿಗೆ ಕೆಲಸಕ್ಕೆಂದು ಬಂದ ನಮ್ಮಂಥವರ ಅಡುಗೆಮನೆಗೆ ಈ ಹಣ್ಣು ಚೀಲಗಟ್ಟಲೆ ಬಂದು ಬೀಳುತ್ತದೆ. ಇಲ್ಲಿನವರು ಅದಕ್ಕೆ ಕಂಡುಕೊಂಡ ದಾರಿ ಸೇಬಿನ ಕೇಕು, ಅದರ ಮೇಲೆ ವೆನಿಲ್ಲಾ ಸಾಸು. ಆದರೆ ‘ಸೇಬಿನ ಕೇಕು’ ಎಂದು ಕೇಳಿದರೆ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ತಿನಿಸು ತಟ್ಟೆಗೆ ಬರುತ್ತದೆ. ಸಾಸಿನ ಕಥೆಯೂ ಅಷ್ಟೇ. ಹಾಗಾಗಿ ಮೂರು ಬಗೆಯ ಕೇಕು, ಮೂರು ಬಗೆಯ ಸಾಸು ಮಾಡಿ, ಅದಲು ಬದಲು ಮಾಡಿ ತಿಂದು ನೋಡಿದೆ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಕೇಕನ್ನು ಆರಿಸಿಕೊಂಡು ಸಾಸನ್ನು ಕೊನೆಗೆ ನೆನಪಿಸಿಕೊಳ್ಳುತ್ತಾರೆ. ಅದು ತಿರುಗುಮುರುಗು. ಯಾವ ಸಾಸು ಮಾಡುವಷ್ಟು ಪುರುಸೊತ್ತಿದೆ, ಉಣ್ಣುವವರಲ್ಲಿ ಮೊಟ್ಟೆ ತಿನ್ನದವರು ಯಾರಿದ್ದಾರೆ ಎನ್ನುವುದು ಮೊದಲು ಗೊತ್ತಾಗಬೇಕು. ಕೇಕು ಅದರ ಹಿಂದೆ ಬರುತ್ತದೆ.

ಮೊದಲನೆಯದು ಮೆತ್ತನೆಯ ಕೇಕು. 2 ಮೊಟ್ಟೆ, 170 ಗ್ರಾಂ ಸಕ್ಕರೆ ನೊರೆ ಬರುವ ಹಾಗೆ ಕಡೆದು, 100 ಗ್ರಾಂ ಕರಗಿಸಿದ ಬೆಣ್ಣೆ, 100 ಮಿ.ಲೀ. ಹಾಲು, 180 ಗ್ರಾಂ ಮೈದಾ, 2 ಟೀ ಚಮಚ ಬೇಕಿಂಗ್ ಪೌಡರ್. ಪಾತ್ರೆಗೆ ಬೆಣ್ಣೆ ಸವರಿ, ಮೈದಾ ಬದಲು ಬ್ರೆಡ್ ಪುಡಿ ಉದುರಿಸುವುದು ಸ್ವೀಡಿಷ್ ಪದ್ಧತಿ. ಕೇಕಿನ ಹೊರಮೈ ಸ್ವಲ್ಪ ಗರಿಯಾಗುತ್ತದೆ, ಪಾತ್ರೆ ಬಿಟ್ಟೂ ಬರುತ್ತದೆ. ಹೋಳು ಮಾಡಿದ ಸೇಬನ್ನು ದಾಲ್ಚಿನ್ನಿ, ಸಕ್ಕರೆಯಲ್ಲಿ ಹೊರಳಿಸಿ ಮೇಲೆ ಚುಚ್ಚಿ, 175 ಡಿಗ್ರಿಯಲ್ಲಿ 40 ನಿಮಿಷ. ನೋಡಲು ಚೆಂದ, ಮಕ್ಕಳಿಗೆ ಇಷ್ಟ, ಕೆಡುವ ಸಂಭವ ಕಡಿಮೆ. ಆದರೆ ಸಾಸಿನ ಜೊತೆ ಪಂದ್ಯಕ್ಕಿಟ್ಟರೆ ಇದೇ ಸೋಲುತ್ತದೆ. ಇದರಲ್ಲಿ ಆಗಲೇ ಮೊಟ್ಟೆ, ಬೆಣ್ಣೆ, ಸಕ್ಕರೆ ಎಲ್ಲ ಇವೆ. ಸಾಸಿನಲ್ಲಿರುವುದೂ ಹೆಚ್ಚುಕಡಿಮೆ ಅವೇ. ಸಿಹಿಯ ಮೇಲೆ ಸಿಹಿ ಕೂತು ಸೇಬು ಎಲ್ಲೋ ಹಿಂದೆ ಉಳಿಯುತ್ತದೆ. ಈ ಕೇಕನ್ನು ಬರಿದೇ, ಕಾಫಿಯ ಜೊತೆ ತಿನ್ನುವುದು ಒಳ್ಳೆಯದು. ಹಿಟ್ಟಿಗೆ ಸ್ವಲ್ಪ ಏಲಕ್ಕಿ ಕುಟ್ಟಿ ಹಾಕಿ. ಸ್ವೀಡನ್ನಿನ ಬೇಕರಿಗಳಲ್ಲಿ ಏಲಕ್ಕಿ ಬೀಳುವ ಪ್ರಮಾಣ ಕಂಡರೆ ಸಕಲೇಶಪುರದವರೂ ಬೆರಗಾದಾರು.

ಎರಡನೆಯದು ಓಟ್ಸ್ ಪೈ. ಕೆಳಗೆ ಸೇಬಿನ ಹೋಳು, ಮೇಲೆ ಗರಿಗರಿ ಹೊದಿಕೆ. ಇದರಲ್ಲೇ ಎರಡು ಪಂಗಡ. ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಬೆರಳಲ್ಲಿ ಉಜ್ಜಿ ಹುಡಿಹುಡಿ ಮಾಡಿ ಉದುರಿಸುವುದು ಒಂದು. ಬೆಣ್ಣೆ ಕರಗಿಸಿ ಅದಕ್ಕೆ ಸಕ್ಕರೆಯ ಜೊತೆ ಸಿರಪ್ ಸೇರಿಸಿ, ಓಟ್ಸ್ ಕಲಸಿ ಹರಡುವುದು ಇನ್ನೊಂದು. ಎರಡನೆಯದು ಒಲೆಯಲ್ಲಿ ಕುದಿಯುತ್ತಾ ಮಿಠಾಯಿಯ ಹಾಳೆಯಾಗಿ ಗಟ್ಟಿಯಾಗುತ್ತದೆ, ಚಮಚದಿಂದ ತಟ್ಟಿದರೆ ಟಕ್ ಎನ್ನುತ್ತದೆ. ಇವೆರಡರ ನಡುವೆ ಆರಿಸುವುದಾದರೆ ನಾನು ಹಿಂದುಮುಂದು ನೋಡದೆ ಸಿರಪ್ಪಿನದೇ ಎನ್ನುತ್ತೇನೆ. ಹುಡಿ ಹೊದಿಕೆಯ ಪೈಯನ್ನು ಮೇಜಿನ ಮೇಲೆ ಅರ್ಧ ಗಂಟೆ ಬಿಟ್ಟರೆ ಸೇಬಿನ ಹಬೆಗೆ ಮೆತ್ತಗಾಗಿಬಿಡುತ್ತದೆ. ಸಿರಪ್ಪಿನದು ತಡೆದುಕೊಳ್ಳುತ್ತದೆ.

ಅಳತೆ: 125 ಗ್ರಾಂ ಬೆಣ್ಣೆ, ಹತ್ತಿರ ಹತ್ತಿರ 100 ಗ್ರಾಂ ಓಟ್ಸ್, 90 ಗ್ರಾಂ ಮೈದಾ, 90 ಗ್ರಾಂ ಸಕ್ಕರೆ, 50 ಮಿ.ಲೀ. ಸಿರಪ್, 2 ಚಮಚ ಹಾಲು, ಚಿಟಿಕೆ ಉಪ್ಪು. 200 ಡಿಗ್ರಿ, 25 ನಿಮಿಷ. ಇಲ್ಲಿನ ತಿಳಿ ಸಿರಪ್ ಸಕ್ಕರೆ ಬೀಟಿನದು. ಸ್ಕೋನೆಯ ಬಯಲುಗಳಲ್ಲಿ ಅಕ್ಟೋಬರ್ ಹೊತ್ತಿಗೆ ಆ ಬೀಟ್ ಗೆಡ್ಡೆಗಳ ರಾಶಿ ರಸ್ತೆಬದಿಯಲ್ಲೇ ಬಿದ್ದಿರುತ್ತದೆ. ಊರಿಗೆ ಹೋದಾಗ ಸಿರಪ್ ಬದಲು ಮಲೆನಾಡಿನ ಜೋನಿ ಬೆಲ್ಲ ಹಾಕಿ ನೋಡಿದೆ. ರುಚಿ ಗಾಢವಾಯಿತು, ಸೇಬಿಗಿಂತ ಬೆಲ್ಲವೇ ಮುಂದೆ ನಿಂತಿತು. ಬಣ್ಣವೂ ಬೇಗ ಏರುತ್ತದೆ, ಅದಕ್ಕೆ 180 ಡಿಗ್ರಿ ಸಾಕು. ಕೆಟ್ಟದೇನಲ್ಲ, ನನ್ನ ಅತ್ತಿಗೆ ಈಗ ಹಾಗೆಯೇ ಮಾಡುವುದು. ಆದರೆ ಅದು ಬೇರೆಯದೇ ತಿನಿಸು.

ಈ ಪೈಗೆ ಸಾಸು ತಣ್ಣಗಿರಬೇಕು, ತೆಳ್ಳಗಿರಬೇಕು. ಬಿಸಿ ಸಾಸು ಸುರಿದರೆ ಅಷ್ಟು ಕಷ್ಟಪಟ್ಟು ಗಟ್ಟಿಯಾದ ಹೊದಿಕೆ ಕರಗಿ ಅಂಟಾಗುತ್ತದೆ.

ಮೂರನೆಯದಕ್ಕೆ ಬರೋಣ. ಸ್ಕೋನೆಯ ಹೆಸರನ್ನೇ ಹೊತ್ತ ಹಳೆಯ ಸೇಬಿನ ಕೇಕು ಇದು. ಕೇಕು ಎನ್ನುವುದು ಹೆಸರಿಗೆ ಮಾತ್ರ. ಹಿಟ್ಟಿಲ್ಲ, ಮೊಟ್ಟೆಯಿಲ್ಲ, ಉಬ್ಬುವ ಮಾತೇ ಇಲ್ಲ. ಬೇಯಿಸಿದ ಸೇಬು ಒಂದು ಪದರ, ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ ಒಂದು ಪದರ, ಮತ್ತೆ ಸೇಬು, ಮತ್ತೆ ಪುಡಿ. ಒಣಗಿದ ಹಳೆಯ ಬ್ರೆಡ್ಡನ್ನು ಬಿಸಾಡಲು ಮನಸ್ಸು ಬಾರದ ಮನೆಗಳ ಅಡುಗೆ ಎಂದು ನೋಡಿದರೇ ತಿಳಿಯುತ್ತದೆ. ಹಾಗಾಗಿಯೇ ಇರಬೇಕು, ವಿಶೇಷ ದಿನಗಳಲ್ಲಿ ಇದನ್ನು ಅತಿಥಿಗಳ ಮುಂದಿಡಲು ಇಲ್ಲಿಯ ಕೆಲವರು ಇನ್ನೂ ಸಂಕೋಚಪಡುತ್ತಾರೆ. ನನ್ನ ಮಟ್ಟಿಗೆ ವೆನಿಲ್ಲಾ ಸಾಸು ಹುಟ್ಟಿದ್ದೇ ಇದಕ್ಕಾಗಿ.

ಒಂದು ಕಿಲೋ ಹುಳಿ ಸೇಬಿನ ಸಿಪ್ಪೆ ತೆಗೆದು, ಹೆಚ್ಚಿ, ಎರಡು ಮೂರು ಚಮಚ ನೀರು ಹಾಕಿ ಮುಚ್ಚಿ ಬೇಯಿಸಿ. ಒಳ್ಳೆಯ ಹಣ್ಣಾದರೆ ಹತ್ತೇ ನಿಮಿಷದಲ್ಲಿ ತಾನಾಗಿ ಕರಗುತ್ತದೆ. ಸಕ್ಕರೆ 75 ಗ್ರಾಂ, ಅದೂ ರುಚಿ ನೋಡಿ. ಇನ್ನೊಂದು ಬಾಣಲೆಯಲ್ಲಿ 100 ಗ್ರಾಂ ಬೆಣ್ಣೆ ಕರಗಿಸಿ 180 ಗ್ರಾಂ ಬ್ರೆಡ್ ಪುಡಿ, 45 ಗ್ರಾಂ ಸಕ್ಕರೆ, ದಾಲ್ಚಿನ್ನಿ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯಬೇಕು. ಕೇಸರಿಬಾತಿಗೆ ರವೆ ಹುರಿದು ಪಳಗಿದ ಕೈಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಮೊದಲು ಒದ್ದೆ ಮರಳಿನಂತಿದ್ದದ್ದು ಒಂದು ಹಂತದಲ್ಲಿ ಬಿಡಿಬಿಡಿಯಾಗುತ್ತದೆ, ಸೌಟಿನ ಸದ್ದು ಬದಲಾಗುತ್ತದೆ, ಘಮ ಏಳುತ್ತದೆ. ಅಲ್ಲಿಗೆ ಉರಿ ಆರಿಸಬೇಕು. ಪದರ ಹಾಕಿ 200 ಡಿಗ್ರಿಯಲ್ಲಿ 25ರಿಂದ 30 ನಿಮಿಷ. ಕೊನೆಯ ಪದರ ಪುಡಿಯದೇ ಇರಲಿ. ಕಾವ್ರಿಂಗ್ ಎನ್ನುವ ಇಲ್ಲಿನ ಕಪ್ಪು, ಸಿಹಿ ರೈ ಬ್ರೆಡ್ಡನ್ನು ಪುಡಿ ಮಾಡಿ ಬೆರೆಸುವವರೂ ಇದ್ದಾರೆ. ಪುಡಿಯ ಮೂರನೇ ಒಂದು ಭಾಗ ಅದಾದರೆ ಬಹಳ ಚೆನ್ನ, ಪೂರ್ತಿ ಅದೇ ಆದರೆ ಭಾರ.

ಇದು ಸಾಸಿಗೆ ಏಕೆ ಒಪ್ಪುತ್ತದೆ ಎಂದರೆ, ಇದರಲ್ಲಿ ಹುಳಿ ಇದೆ, ಉಪ್ಪಿನ ಬೆಣ್ಣೆ ಇದೆ, ಒಣಪುಡಿ ಇದೆ. ಇಲ್ಲದಿರುವುದು ಹಾಲು, ಮೊಟ್ಟೆ. ಅದನ್ನು ಸಾಸು ತಂದುಕೊಡುತ್ತದೆ. ಪುಡಿ ಸಾಸನ್ನು ಹೀರಿ ಕೆಳಗೆ ಮೆತ್ತಗಾಗುತ್ತದೆ, ಮೇಲೆ ಗರಿಯಾಗಿಯೇ ಉಳಿಯುತ್ತದೆ.

ಈಗ ಸಾಸು. ಅಸಲಿಯದು ಮೊಟ್ಟೆಯ ಹಳದಿಯದು. 200 ಮಿ.ಲೀ. ಹಾಲು, 200 ಮಿ.ಲೀ. ಕ್ರೀಮ್, ಸೀಳಿದ ಅರ್ಧ ವೆನಿಲ್ಲಾ ಕೋಡು ಬಿಸಿ ಮಾಡಿ, 4 ಹಳದಿ ಮತ್ತು 45 ಗ್ರಾಂ ಸಕ್ಕರೆ ಕಡೆದಿಟ್ಟದ್ದಕ್ಕೆ ಸ್ವಲ್ಪ ಸ್ವಲ್ಪವೇ ಸುರಿದು, ಮತ್ತೆ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ತಿರುವಬೇಕು. 82 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. 85 ದಾಟಿದರೆ ಹಳದಿ ಮುದ್ದೆಗಟ್ಟಿ ಒಡೆಯುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ನೊರೆ ನೋಡಿ. ಶುರುವಿನಲ್ಲಿ ಮೇಲೆ ತುಂಬಿಕೊಂಡಿರುವ ಸಣ್ಣ ಗುಳ್ಳೆಗಳು ಸಾಸು ಹದಕ್ಕೆ ಬರುವ ಮುನ್ನ ಒಂದೊಂದಾಗಿ ಅಡಗಿ, ಮೇಲ್ಮೈ ನುಣುಪಾಗುತ್ತದೆ. ಆಗ ಮರದ ಸೌಟಿನ ಬೆನ್ನಿನ ಮೇಲೆ ಬೆರಳಲ್ಲಿ ಗೆರೆ ಎಳೆದರೆ ಗೆರೆ ಕೂಡಿಕೊಳ್ಳಬಾರದು. ಕೂಡಲೇ ಸೋಸಿ, ತಣ್ಣೀರಿನ ಮೇಲಿಟ್ಟ ಪಾತ್ರೆಗೆ ಸುರಿಯಿರಿ. ಪೂರ್ತಿ ತಣಿದ ಮೇಲೆ ಸ್ವಲ್ಪ ಕಡೆದ ಕ್ರೀಮ್ ಬೆರೆಸಿದರೆ ಸ್ವೀಡಿಷ್ ಮನೆಗಳಲ್ಲಿ ಸಿಗುವ ಆ ಹಗುರ ಸಾಸು ಸಿದ್ಧ. ರುಚಿಯಲ್ಲಿ ಇದಕ್ಕೆ ಎದುರಾಳಿಯಿಲ್ಲ. ಖರ್ಚು, ಸಮಯ, ಉಳಿದ ಬಿಳಿಭಾಗವನ್ನು ಏನು ಮಾಡುವುದು ಎಂಬ ತಲೆಬಿಸಿ ಮಾತ್ರ ಇದ್ದೇ ಇದೆ.

ಎರಡನೆಯದು ಪೊಟ್ಟಣದ ಪುಡಿ. ಮರ್ಸಾನ್ ಇಲ್ಲಿ ಮನೆಮಾತಾದ ಹೆಸರು. ತಣ್ಣನೆಯ ಹಾಲಿಗೆ ಹಾಕಿ ಕಡೆದರೆ ಸಾಕು, ಒಲೆಯೇ ಬೇಡ. ತಣ್ಣಗಿದ್ದಾಗಲೇ ಗಟ್ಟಿಯಾಗುವಂತೆ ಮಾರ್ಪಡಿಸಿದ ಪಿಷ್ಟ ಅದರ ಗುಟ್ಟು. ಇದನ್ನು ಕಂಡು ಮೂಗು ಮುರಿಯುವವರ ಗುಂಪಿಗೆ ನಾನು ಸೇರುವುದಿಲ್ಲ. ಸಿರಪ್ಪಿನ ಓಟ್ಸ್ ಪೈಯ ಜೊತೆ ಕಣ್ಣು ಕಟ್ಟಿ ಬಡಿಸಿದಾಗ ನಮ್ಮ ಮನೆಯಲ್ಲಿ ಇದಕ್ಕೂ ಹಳದಿ ಸಾಸಿಗೂ ವ್ಯತ್ಯಾಸ ಹೇಳಲು ಎಲ್ಲರೂ ತಡವರಿಸಿದರು. ಪೈಯ ಸಿಹಿ, ದಾಲ್ಚಿನ್ನಿ ಅಷ್ಟು ಜೋರಾಗಿದ್ದ ಮೇಲೆ ಸಾಸಿನ ನಯನಾಜೂಕು ಯಾರಿಗೆ ಕಾಣಬೇಕು? ಸ್ಕೋನೆ ಕೇಕಿನ ಮೇಲೆ ಮಾತ್ರ ಇದು ತೆಳು ಅನ್ನಿಸುತ್ತದೆ. ಕೃತಕ ವೆನಿಲ್ಲಾ ಅಲ್ಲಿ ಎದ್ದು ಕಾಣುತ್ತದೆ.

ಮೂರನೆಯದು ನಮಗೆಲ್ಲ ಪರಿಚಯದ ಕಸ್ಟರ್ಡ್ ಪೌಡರ್. ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ 1837ರಲ್ಲಿ ಇದನ್ನು ಮಾಡಿದ್ದು ಮೊಟ್ಟೆ ಒಗ್ಗದ ತನ್ನ ಹೆಂಡತಿಗಾಗಿ. ನಾನು ಇದನ್ನು ತರಿಸಿದ್ದೂ ಊರಿಂದ ಬಂದಿದ್ದ ಅತ್ತೆಗಾಗಿ, ಅವರು ಮೊಟ್ಟೆ ಮುಟ್ಟುವುದಿಲ್ಲ. ಇದರ ನಿಯಮ ಹಳದಿ ಸಾಸಿಗೆ ಪೂರ್ತಿ ಉಲ್ಟಾ. ಅದು ಕುದಿಯಬಾರದು, ಇದು ಕುದಿಯಲೇಬೇಕು. ಮೆಕ್ಕೆಜೋಳದ ಪಿಷ್ಟ ಚೆನ್ನಾಗಿ ಬೇಯದಿದ್ದರೆ ನಾಲಿಗೆಗೆ ಹಸಿಹಿಟ್ಟು ಹತ್ತುತ್ತದೆ. ಫ್ರೂಟ್ ಸಲಾಡಿಗೆ ಮಾಡುವ ಗಟ್ಟಿತನ ಇಲ್ಲಿ ಬೇಡ. ಅರ್ಧ ಲೀಟರ್ ಹಾಲಿಗೆ ಒಂದೂವರೆ ದೊಡ್ಡ ಚಮಚ ಪುಡಿ ಸಾಕು, ತಣಿದಾಗ ಇನ್ನೂ ಗಟ್ಟಿಯಾಗುತ್ತದೆ. ಒಲೆಯಿಂದ ಇಳಿಸಿದ ಮೇಲೆ ಎರಡು ಚಮಚ ಕ್ರೀಮ್, ನಾಲ್ಕು ಕಾಳು ಉಪ್ಪು ಸೇರಿಸಿ. ಬಣ್ಣ ಮಾತ್ರ ಕಣ್ಣು ಕುಕ್ಕುವ ಹಳದಿ, ಅದಕ್ಕೆ ಮದ್ದಿಲ್ಲ.

ಸ್ಕೋನೆ ಕೇಕಿನ ಮೇಲೆ ಇದನ್ನು ಸುರಿದು ಕೊಟ್ಟಾಗ ಅತ್ತೆ ಮೊದಲು ಅನುಮಾನಿಸಿದರು. “ಮೊಟ್ಟೆ ಇಲ್ಲ ತಾನೇನೇ?” ಇಲ್ಲ ಅತ್ತೆ, ಕೇಕಲ್ಲೂ ಇಲ್ಲ, ಸಾಸಲ್ಲೂ ಇಲ್ಲ ಎಂದೆ. ತಿಂದು, “ಹುಳಿ ಸಿಹಿ ಚೆನ್ನಾಗಿ ಹೊಂದಿದೆ ಕಣೇ, ಆ ಪುಡಿ ಇನ್ನೊಂಚೂರು ಹಾಕು” ಅಂದರು. ಮೂರು ಕೇಕುಗಳಲ್ಲಿ ಏನನ್ನೂ ಬದಲಿಸದೆ ಮೊಟ್ಟೆ ತಿನ್ನದವರಿಗೆ ಕೊಡಬಹುದಾದವು ಇದು ಮತ್ತು ಓಟ್ಸ್ ಪೈ. ಆದರೆ ಅಂಗಡಿಯ ಬ್ರೆಡ್ ಪುಡಿಯಾದರೆ ಪೊಟ್ಟಣದ ಹಿಂಬದಿ ಓದಿ ತರಬೇಕು.

ಹಣ್ಣಿನ ಬಗ್ಗೆ ಒಂದು ಮಾತು. ಕೇಕಿಗೂ ಪೈಗೂ ಹೋಳು ಉಳಿಯುವ ಸೇಬು ಬೇಕು, ಸ್ಕೋನೆ ಕೇಕಿಗೆ ಕರಗುವಂಥದು ಬೇಕು. ಕೇಕಿಗೆ, ಪೈಗೆ ನಾನು ತೆಗೆದುಕೊಳ್ಳುವುದು ಅರೋಮ. ಇಂಗ್ರಿಡ್ ಮರಿ, ಫಿಲಿಪಾ ಎರಡನ್ನೂ ಕೂಡಿಸಿ ಇಲ್ಲೇ ಸ್ಕೋನೆಯ ಬಾಲ್ಸ್‌ಗೋರ್ಡ್‌ನಲ್ಲಿ ಬೆಳೆಸಿದ ತಳಿ ಅದು. ಸ್ಕೋನೆ ಕೇಕಿಗೆ ಗ್ರಾವೆನ್‌ಸ್ಟೈನರ್ ಅಥವಾ ಗೇಟಿನಾಚೆಯ ಪೆಟ್ಟಿಗೆಯಲ್ಲಿ ಸಿಕ್ಕ ಯಾವುದೇ ಹುಳಿ ಹಣ್ಣು. ಬೆಂಗಳೂರಲ್ಲಿ ಮಾಡುವವರಿಗೆ ಸುಲಭಕ್ಕೆ ಸಿಗುವ ಕೆಂಪು ರಾಯಲ್ ಡೆಲಿಶಿಯಸ್ ಹುಳಿಯಿಲ್ಲದ್ದು, ಬೆಂದರೆ ಸಪ್ಪೆ ಹಿಟ್ಟು. ಅರ್ಧ ಕಿಲೋ ಅದು, ಅರ್ಧ ಕಿಲೋ ಹಸಿರು ಗ್ರ್ಯಾನಿ ಸ್ಮಿತ್ ಬೆರೆಸಿ, ಸಕ್ಕರೆ ಕಡಿಮೆ ಮಾಡಿ, ಅರ್ಧ ನಿಂಬೆಹಣ್ಣು ಹಿಂಡಿ. ಬ್ರೆಡ್ ಪುಡಿಗೆ ಬೇಕರಿಯ ಸಾದಾ ರಸ್ಕ್ ಕುಟ್ಟಿದರಾಯಿತು. ಅದು ಮೊದಲೇ ಸಿಹಿ, ಆದ್ದರಿಂದ ಪುಡಿಗೆ ಹಾಕುವ ಸಕ್ಕರೆ ಬಿಟ್ಟುಬಿಡಿ.

ಉಳಿದದ್ದರ ಗತಿಯೂ ಒಂದೇ ತರಹ ಇರುವುದಿಲ್ಲ. ಮೆತ್ತನೆಯ ಕೇಕು ಮಾರನೆಯ ದಿನ ಇನ್ನೂ ರುಚಿ. ಓಟ್ಸ್ ಪೈಯನ್ನು 175 ಡಿಗ್ರಿಯಲ್ಲಿ ಹತ್ತು ನಿಮಿಷ ಬಿಸಿ ಮಾಡಿದರೆ ಹೊದಿಕೆ ಮತ್ತೆ ಗರಿಯಾಗುತ್ತದೆ, ಮೈಕ್ರೋವೇವಿಗೆ ಇಡಬೇಡಿ. ಸ್ಕೋನೆ ಕೇಕನ್ನು ಫ್ರಿಜ್ಜಿನಿಂದ ತೆಗೆದು ಹಾಗೇ ತಣ್ಣಗೆ ತಿನ್ನಿ. ಮೊಟ್ಟೆಯ ಹಳದಿಯ ಸಾಸನ್ನು ಎರಡು ದಿನದೊಳಗೆ ಮುಗಿಸಬೇಕು.